ಮೇಜಿನ ಮೇಲಿನ ರೈಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಹವ್ಯಾಸ ಪುಟದಲ್ಲಿ ಪುಟಾಣಿ ರೈಲುಗಳನ್ನು ಕಟ್ಟಿ ಓಡಿಸುವವರ ಕುರಿತು ಚಿಕ್ಕದೊಂದು ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು. ಇದರಲ್ಲಿ ಆಶ್ಚರ್ಯವೇನಿಲ್ಲ, ಉದ್ದನೆಯ ಗೂಡ್ಸ್ ಗಾಡಿ ದಾಟಲೆಂದು ಗೇಟಿನ ಮುಂದೆ ನಿಂತು ವ್ಯಾಗನ್ ಎಣಿಸದೆ ಬೆಳೆದವರು ಆ ಕಡೆ ಅಪರೂಪ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಮಗನ ಹುಟ್ಟುಹಬ್ಬಕ್ಕೆಂದು ಎಚ್‌ಒ ಅಳತೆಯ ರೈಲು ಸೆಟ್ಟೊಂದನ್ನು ತರಿಸಿದೆ. ಅವನು ಸ್ವಲ್ಪ ದಿನ ಆಡಿ ಕೈಬಿಟ್ಟ. ಈಗ ರಾತ್ರಿ ಊಟವಾದ ಮೇಲೆ ನಾನೇ ಅದನ್ನು ಓಡಿಸುತ್ತ ಕೂರುತ್ತೇನೆ. "ಮಗನಿಗೆ ತಂದದ್ದೋ, ನಿಮಗೋ?" ಎಂದು ಮನೆಯವರು ನಗುತ್ತಾರೆ. ಒಂದೇ ಕಡೆ ಗಿರಕಿ ಹೊಡೆಯುವುದನ್ನು ನೋಡಿ ನೋಡಿ ನನಗೂ ಬೇಸರ ಬರತೊಡಗಿದೆ. ದೊಡ್ಡ ಮೇಜು ಹಾಕಲು ಮನೆಯಲ್ಲಿ ಜಾಗವಿಲ್ಲ. ಈ ಹವ್ಯಾಸದವರು ವರ್ಷಗಟ್ಟಲೆ ಇದರಲ್ಲಿ ಯಾವ ಸುಖ ಕಾಣುತ್ತಾರೆ? (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ನಿಮಗೆ ಬೇಸರ ಬಂದಿರುವುದು ಗಿರಕಿಯ ಮೇಲೆ, ರೈಲಿನ ಮೇಲಲ್ಲ. ಸೆಟ್ಟಿನ ಜೊತೆ ಬರುವ ಹಳಿಯನ್ನು ಜೋಡಿಸಿದರೆ ಮೊಟ್ಟೆಯಾಕಾರದ ಒಂದು ಸುತ್ತು ಆಗುತ್ತದೆ, ಕಂಟ್ರೋಲರಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಗಾಡಿ ಹುಚ್ಚು ವೇಗದಲ್ಲಿ ಸುತ್ತುತ್ತದೆ, ಅಲ್ಲಿಗೆ ನೋಡುವುದು ಮುಗಿಯುತ್ತದೆ. ಮೊದಲು ವೇಗ ಇಳಿಸಿ. ಎಚ್‌ಒ ಎಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಗೂಡ್ಸ್ ಗಾಡಿ ಈ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಮಾತ್ರ ಸಾಗಬೇಕು. ನಿಂತ ಗಾಡಿ ಹೊರಡುವಾಗಲಂತೂ ಚಕ್ರ ತಿರುಗಿತೋ ಇಲ್ಲವೋ ಎಂದು ಬಗ್ಗಿ ನೋಡುವಷ್ಟು ನಿಧಾನವಿರಬೇಕು. ದೀಪ ಆರಿಸಿ, ಗದ್ದವನ್ನು ಮೇಜಿಗೆ ತಾಗಿಸಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು, ಎಂಜಿನ್ನಿನ ಮುಂದೀಪವೊಂದೇ ನಿಮ್ಮತ್ತ ತೆವಳುತ್ತ ಬರುವುದನ್ನು ಒಮ್ಮೆ ನೋಡಿ. ಈ ಹವ್ಯಾಸದಲ್ಲಿ ಬಹುಮಂದಿಯನ್ನು ಹಿಡಿದು ಕೂರಿಸಿದ್ದು ಇಷ್ಟೇ ಸಣ್ಣ ಸಂಗತಿ.

ಜಾಗದ ಪ್ರಶ್ನೆಗೆ ಬಹಳ ಹಳೆಯ, ಬಹಳ ಒಳ್ಳೆಯ ಪರಿಹಾರವೊಂದಿದೆ. ಸುತ್ತುವ ಹಳಿಯನ್ನೇ ಕೈಬಿಟ್ಟು, ಒಂದಡಿ ಅಗಲದ ಉದ್ದನೆಯ ಹಲಗೆಯ ಮೇಲೆ ಗೂಡ್ಸ್ ಯಾರ್ಡೊಂದನ್ನು ಹಾಕಿಕೊಳ್ಳಬಹುದು. ಆಲನ್ ರೈಟ್ ಎಂಬ ಇಂಗ್ಲಿಷ್ ಹವ್ಯಾಸಿ ರೂಪಿಸಿದ 'ಇಂಗಲ್‌ನುಕ್' ಎಂಬ ಈ ವಿನ್ಯಾಸಕ್ಕೆ ಎರಡು ಪಾಯಿಂಟುಗಳೂ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಮೂರು ಕವಲು ಹಳಿಗಳೂ ಸಾಕು. ಒಂದು ಕವಲಿನಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ನಿಲ್ಲುವ ತುದಿಯಲ್ಲಿ ಎಂಜಿನ್ನಿನ ಜೊತೆ ಮೂರು ವ್ಯಾಗನ್. ಯಾರ್ಡಿನಲ್ಲಿರುವ ಎಂಟು ವ್ಯಾಗನ್‌ಗಳ ಪೈಕಿ ಐದನ್ನು ಚೀಟಿ ಎತ್ತಿ ಆರಿಸಿ, ಚೀಟಿ ಬಂದ ಕ್ರಮದಲ್ಲೇ ಗಾಡಿ ಜೋಡಿಸುವುದು ಆಟ. ಹಾಗೆ ಆರಿಸಬಹುದಾದ ಗಾಡಿಗಳು ಒಟ್ಟು 6720. ಒಂದು ವ್ಯಾಗನ್ನಿಗೆ ಹತ್ತಿಯ ಅಂಡಿಗೆ, ಒಂದಕ್ಕೆ ಸಿಮೆಂಟು, ಒಂದಕ್ಕೆ ಗಂಗಾವತಿಯ ಅಕ್ಕಿ, ಒಂದಕ್ಕೆ ಸಂಡೂರಿನ ಅದಿರು ಎಂದು ಹೆಸರಿಟ್ಟುಕೊಂಡರೆ ಆಟಕ್ಕೆ ನಿಮ್ಮ ಸೀಮೆಯ ಬಣ್ಣ ತಾನಾಗಿ ಬರುತ್ತದೆ. ಚೀಟಿ ಎತ್ತುವ ಕೆಲಸವನ್ನು ನಿಮ್ಮ ಮನೆಯವರಿಗೇ ವಹಿಸಿ. ನಡುವೆ ಸಿಕ್ಕಿಕೊಂಡ ಸಿಮೆಂಟು ವ್ಯಾಗನ್ನನ್ನು ಹೊರತೆಗೆಯಲಾಗದೆ ನೀವು ಒದ್ದಾಡುವುದನ್ನು ನೋಡುತ್ತ ಅವರು ಸುಮ್ಮನಿರುತ್ತಾರೆಂದು ನಮಗನ್ನಿಸುವುದಿಲ್ಲ. ಮಗನೂ ಫೋನು ಬದಿಗಿಟ್ಟು ಬಂದಾನು.

ಇನ್ನು ನಿಮ್ಮ ಮೂಲ ಪ್ರಶ್ನೆ. ಈ ಹವ್ಯಾಸದ ಸುಖ ಒಬ್ಬರೇ ಇದ್ದಾಗ ಒಂದು ಬಗೆಯದು, ನಾಲ್ವರಿದ್ದಾಗ ಬೇರೆಯೇ ಬಗೆಯದು. ಭಾನುವಾರ ಮಧ್ಯಾಹ್ನ ಮೂರ್ನಾಲ್ಕು ಮಂದಿ ಒಬ್ಬರ ಮನೆಯಲ್ಲಿ ಸೇರಿ, ತಮ್ಮ ತಮ್ಮ ವ್ಯಾಗನ್‌ಗಳನ್ನು ಹಳೆಯ ಬೂಟಿನ ಡಬ್ಬಿಯಿಂದ ಹತ್ತಿ ಸುತ್ತಿದ ಹಾಗೆಯೇ ಹೊರತೆಗೆದು, ಒಂದೇ ಎಂಜಿನ್ನಿನ ಹಿಂದೆ ಕಟ್ಟಿ ಓಡಿಸುವಾಗ ಅಲ್ಲಿ ನಡೆಯುವ ಮಾತುಕತೆಯನ್ನು ಹೊರಗಿನವರು ಕೇಳಿದರೆ ಇವರಿಗೆ ಬೇರೆ ಕೆಲಸವಿಲ್ಲವೇ ಎನ್ನಿಸೀತು. ವ್ಯಾಗನ್ನಿನ ಬಾಗಿಲ ಕೆಳಗೆ ತುಕ್ಕಿನ ಗೆರೆ ಎಳೆದಿದ್ದೀರಲ್ಲ, ನೀರು ಇಳಿಯುವುದು ಅಲ್ಲಿಯೇ, ಸರಿಯಾಗಿದೆ ಎಂದು ಒಬ್ಬರು ಹೇಳುತ್ತಾರೆ. ಆ ಗೆರೆಗಾಗಿ ಒಂದು ರಾತ್ರಿಯಿಡೀ ಕೂತವರಿಗೆ ಆ ಒಂದು ಮಾತು ಸಾಕು. ಇನ್ನೊಬ್ಬರು ಕೊನೆಯ ಬ್ರೇಕ್ ವ್ಯಾನಿನಲ್ಲಿ ಹಸಿರು ಬಾವುಟ ಹಿಡಿದ ಗಾರ್ಡನ್ನು ನಿಲ್ಲಿಸಿ ತಂದಿರುತ್ತಾರೆ; ಯಾರಿಗೂ ಹೇಳದೆ ಗಾಡಿಗೆ ಜೋಡಿಸಿ, ಯಾರು ಮೊದಲು ಕಾಣುತ್ತಾರೆಂದು ಕಾಯುತ್ತಾರೆ. ಬಳ್ಳಾರಿಯಲ್ಲಿ ನಿಮ್ಮಂಥವರು ಇರುವುದು ಖಂಡಿತ, ಏಕೆಂದರೆ ಇದೇ ಕಂತಿನಲ್ಲಿ ಆ ಊರಿನಿಂದ ನಿಮ್ಮದೊಂದೇ ಪತ್ರ ಬಂದಿಲ್ಲ. ಒಪ್ಪಿಗೆಯಿದ್ದರೆ ಬರೆಯಿರಿ, ಪರಸ್ಪರ ವಿಳಾಸ ತಲುಪಿಸುತ್ತೇವೆ. ಸೇರುವ ಮೊದಲು ಎಲ್ಲರೂ ಒಂದೇ ಮಾದರಿಯ ಕೊಂಡಿ ಹಾಕಿಸಿಕೊಳ್ಳಿ, ಇಲ್ಲವಾದರೆ ಒಬ್ಬರ ವ್ಯಾಗನ್ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಇನ್ನೊಂದು ಮಾತು: ಒಗ್ಗರಣೆ, ಮಿರ್ಚಿ ಬೇಡವೆನ್ನಲು ನಮಗೆ ಮನಸ್ಸಿಲ್ಲ, ಆದರೆ ಅವು ಬರುವುದು ಗಾಡಿಗಳೆಲ್ಲ ಡಬ್ಬಿಗೆ ಸೇರಿದ ಮೇಲಾಗಲಿ. ಎಣ್ಣೆಗೈ ತಾಗಿದ ಹಳಿಯ ಮೇಲೆ ಎಂಜಿನ್ನಿಗೆ ವಿದ್ಯುತ್ತೂ ಸಿಗದು, ಹಿಡಿತವೂ ಸಿಗದು.

ಪ್ರಶ್ನೆ: ನಮ್ಮ ಅಪ್ಪ ಕೊಪ್ಪಳ ಮತ್ತು ಗದಗಿನ ನಡುವಿನ ಸಣ್ಣ ನಿಲ್ದಾಣವೊಂದರಲ್ಲಿ ಮೀಟರ್ ಗೇಜ್ ಕಾಲದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಆ ನಿಲ್ದಾಣದ ಮಾದರಿಯನ್ನು ಮಾಡಿ ಅವರಿಗೆ ತೋರಿಸಬೇಕೆಂಬ ಆಸೆ ನನ್ನದು. ನಾನು ಚಿತ್ರಕಲಾ ಶಿಕ್ಷಕಿ, ಕೈಕೆಲಸಕ್ಕೆ ಹಿಂಜರಿಯುವುದಿಲ್ಲ. ಆದರೆ ಅಳತೆ, ಹಳಿ ಇವು ಯಾವುದೂ ತಿಳಿಯದು. ಗಾಡಿ ಓಡಲೇಬೇಕೇ? (ಕೊಪ್ಪಳ)

ಉತ್ತರ: ಓಡಬೇಕಾಗಿಲ್ಲ. ನಿಂತ ಮಾದರಿಗಳನ್ನಷ್ಟೇ ಮಾಡುವ ಹವ್ಯಾಸಿಗಳು ಎಷ್ಟೋ ಮಂದಿ ಇದ್ದಾರೆ, ಮತ್ತು ನಿಮ್ಮ ಉದ್ದೇಶಕ್ಕೆ ಅದೇ ಮೇಲು.

ಅಳತೆಯ ಲೆಕ್ಕ ಹೀಗಿದೆ. ಎಚ್‌ಒ ಅಳತೆಯಲ್ಲಿ ಪೇಟೆಯಲ್ಲಿ ಸಿಗುವ ಸಾಮಾನ್ಯ ಹಳಿಯ ಅಂತರ 16.5 ಮಿ.ಮೀ. ಇದು ಯುರೋಪ್, ಅಮೆರಿಕಗಳ 1435 ಮಿ.ಮೀ. ಹಳಿಯ 87ನೆಯ ಒಂದು ಪಾಲು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅಗಲದ್ದಾದ್ದರಿಂದ ಅದಕ್ಕೆ 19 ಮಿ.ಮೀ.ಗಿಂತ ತುಸು ಹೆಚ್ಚೇ ಬೇಕಾಗುತ್ತದೆ. ಹೆಚ್ಚಿನ ಭಾರತೀಯ ಹವ್ಯಾಸಿಗಳು ಈ ವ್ಯತ್ಯಾಸವನ್ನು ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಮೀಟರ್ ಗೇಜಿನ ಸಾವಿರ ಮಿ.ಮೀ.ಗೆ ಸರಿಹೊಂದುವುದು ಹನ್ನೊಂದೂವರೆ ಮಿ.ಮೀ. ಅಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಟಿಟಿ ಎಂಬ ಬೇರೊಂದು ಅಳತೆಗಾಗಿ ಮಾರುವ 12 ಮಿ.ಮೀ. ಹಳಿ ನಿಮ್ಮ ನಿಲ್ದಾಣಕ್ಕೆ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಕೂರುತ್ತದೆ. ಹಳಿಯ ಕೆಳಗಿನ ಪಟ್ಟಿಗಳ ಅಂತರ ಮಾತ್ರ ಸರಿಹೋಗದು. ಅವನ್ನು ಅರ್ಧ ಮುಚ್ಚುವಂತೆ ಜಲ್ಲಿ ಹರಡಿದರೆ ಆಯಿತು.

ಆದರೆ ಹಳಿ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಬೇರೆಯಿದೆ. ಒಂದು ದೊಡ್ಡ ಡ್ರಾಯಿಂಗ್ ಹಾಳೆಯನ್ನು ನಿಮ್ಮ ತಂದೆಯವರ ಮುಂದೆ ಹಾಸಿ, ನಿಲ್ದಾಣದ ನಕ್ಷೆಯನ್ನು ಅವರ ಕೈಯಲ್ಲೇ ಬರೆಯಿಸಿ. ಗುಟ್ಟಾಗಿ ಮಾಡಿ ಒಮ್ಮೆಲೇ ತೋರಿಸುವುದರಲ್ಲಿ ಒಂದು ಗಳಿಗೆಯ ಬೆರಗಿದೆ ನಿಜ. ಜೊತೆಯಲ್ಲಿ ಮಾಡಿದರೆ ತಿಂಗಳುಗಟ್ಟಲೆ ಮಾತಿಗೆ ವಸ್ತುವಾಗುತ್ತದೆ. ಕೇಳಬೇಕಾದ ಪ್ರಶ್ನೆಗಳೂ ಸಾಮಾನ್ಯವಲ್ಲ. ಮರಳು ತುಂಬಿದ ಕೆಂಪು ಬಕೆಟ್‌ಗಳು ಯಾವ ಗೋಡೆಗೆ ತೂಗುತ್ತಿದ್ದವು? ಗಂಟೆಯೆಂದು ಹೊಡೆಯುತ್ತಿದ್ದ ಹಳಿಯ ತುಂಡು ಮಾಸ್ತರರ ಕೋಣೆಯ ಎಡಕ್ಕಿತ್ತೋ ಬಲಕ್ಕೋ? ಬೇವಿನ ಮರದ ಬುಡದಲ್ಲಿ ಕಲ್ಲಿನ ಆಸನವಿತ್ತೇ? ಒಂಟಿ ಹಳಿಯ ಮಾರ್ಗದಲ್ಲಿ ಮುಂದಿನ ನಿಲ್ದಾಣದವರೆಗೆ ಹಳಿ ತೆರವಾಗಿದೆ ಎಂಬುದಕ್ಕೆ ಗುರುತಾಗಿ, ಯಂತ್ರದಿಂದ ಹೊರಬಂದ ಉಕ್ಕಿನ ಚೆಂಡನ್ನು ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಯ ಚಾಲಕನ ಕೈಗೆ ದಾಟಿಸುತ್ತಿದ್ದರಲ್ಲ, ಅದನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ ಜಾಗ ಯಾವುದು? ಆ ಜಾಗದಲ್ಲಿ ಬಳೆ ಎತ್ತಿ ನಿಂತ ಒಬ್ಬ ಮನುಷ್ಯನನ್ನು ನೀವು ನಿಲ್ಲಿಸಲೇಬೇಕು. ಐದೂವರೆ ಅಡಿಯ ಆಳು ಈ ಅಳತೆಯಲ್ಲಿ 19 ಮಿ.ಮೀ. ಎತ್ತರ ಬರುತ್ತಾನೆ, ಅವನ ಕೈಯ ಬಳೆಯನ್ನು ತಾಮ್ರದ ತಂತಿಯ ಒಂದೇ ಎಳೆಯಿಂದ ಸುತ್ತಬಹುದು.

ಬೊಂಬೆಯ ವಿಷಯದಲ್ಲಿ ನಿಮಗೆ ದೂರ ಹೋಗುವ ಕೆಲಸವೇ ಇಲ್ಲ, ಕಿನ್ನಾಳ ನಿಮ್ಮ ಮಗ್ಗುಲಲ್ಲಿದೆ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಸೇರಿಸಿದ ಕಿಟ್ಟದಿಂದ ಸಂದು ಮುಚ್ಚಿ, ಮೇಲೆ ಬಣ್ಣ ಹಚ್ಚುವ ಅಲ್ಲಿನ ಕ್ರಮವನ್ನು ಒಮ್ಮೆ ಕೂತು ನೋಡಿ ಬನ್ನಿ. ಅಲ್ಲಿನ ಕಲಾವಿದರು ಇಷ್ಟು ಸಣ್ಣ ಆಳನ್ನು ಮಾಡಿಕೊಡುವರೆಂದು ನಾವು ಹೇಳುತ್ತಿಲ್ಲ. ಕಿಟ್ಟ ಮಾತ್ರ ಪ್ಲಾಟ್‌ಫಾರಂ ಅಂಚು, ಕಲ್ಲಿನ ಗೋಡೆ, ಮರದ ಬುಡ ಎಲ್ಲಕ್ಕೂ ಒದಗುವ ವಸ್ತು. ಮರಗಳಿಗೆ ಬಳ್ಳಾರಿ ಜಾಲಿಯ ಒಣ ಕಡ್ಡಿಗಳನ್ನು ಮುಳ್ಳು ತೆಗೆದು ಬಳಸಿ, ಎಲೆಗೆ ಹಸಿರು ಬಣ್ಣ ಹಾಕಿ ಜರಡಿ ಹಿಡಿದ ಮರದ ಹೊಟ್ಟು ಉದುರಿಸಿ.

ಕೈಮರವನ್ನು (ತೋಳಿರುವ ಹಳೆಯ ಸಿಗ್ನಲ್ ಕಂಬವನ್ನು) ಮಾತ್ರ ಚಲಿಸುವಂತೆ ಮಾಡಿ ಎಂಬುದು ನಮ್ಮ ಒತ್ತಾಯ. ಕೆಂಪು ತೋಳು, ತುದಿಯ ಹತ್ತಿರ ಬಿಳಿ ಪಟ್ಟಿ. ತೋಳು ಅಡ್ಡವಾಗಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಹೊರಡು. ಹಲಗೆಯ ಅಡಿಯಿಂದ ದಾರವೊಂದನ್ನು ತಂದು ಕಡ್ಡಿಯ ಹಿಡಿಗೆ ಕಟ್ಟಿದರೆ ಸಾಕು. ಹಿಡಿ ಎಳೆಯುವ ಕೆಲಸ ಯಾರದೆಂದು ಹೇಳಬೇಕಾಗಿಲ್ಲ.

ಪ್ರಶ್ನೆ: ಬೇಸಿಗೆ ಬಂದರೆ ನನ್ನ ಎಂಜಿನ್ ನಿಂತು ನಿಂತು ಓಡುತ್ತದೆ. ಮಹಡಿಯ ಕೋಣೆಯಲ್ಲಿ ಹಾಸಿದ ಹಳಿ ಕೆಲವೆಡೆ ಉಬ್ಬಿದೆ. ಎಂಜಿನ್ ಕೆಟ್ಟಿದೆಯೇ? (ರಾಯಚೂರು)

ಉತ್ತರ: ಎಂಜಿನ್ ಕೆಟ್ಟಿರುವ ಸಂಭವ ಕಡಿಮೆ. ಈ ಗಾಡಿಗಳು ಹಳಿಯಿಂದಲೇ 12 ವೋಲ್ಟಿನ ನೇರ ವಿದ್ಯುತ್ತನ್ನು ಪಡೆಯುತ್ತವೆ: ಒಂದು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ, ಅಲ್ಲಿಂದ ಎದುರು ಚಕ್ರದ ಮೂಲಕ ಇನ್ನೊಂದು ಹಳಿಗೆ. ಈ ದಾರಿಯಲ್ಲಿ ಎಲ್ಲಿ ಧೂಳು ಕೂತರೂ ಗಾಡಿ ತಡವರಿಸುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಧೂಳಿಗೇನು ಬರ! ಮೆತ್ತನೆಯ ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು, ವಿದ್ಯುತ್ ಬಂದ್ ಮಾಡಿ, ಕಿಟಕಿ ತೆರೆದಿಟ್ಟು ಹಳಿ ಒರೆಸಿ. ಅದು ಬೇಗ ಹೊತ್ತಿಕೊಳ್ಳುವ ದ್ರವವೆಂಬುದು ನೆನಪಿರಲಿ. ಚಕ್ರಗಳಿಗೆ ಇನ್ನೊಂದು ಉಪಾಯವಿದೆ. ಅದೇ ದ್ರವದಲ್ಲಿ ತುಸು ನೆನೆಸಿದ ಬಟ್ಟೆಯನ್ನು ಹಳಿಗಳ ಮೇಲೆ ಅಡ್ಡಲಾಗಿ ಹಾಸಿ, ಎಂಜಿನ್ನಿನ ಅರ್ಧ ಭಾಗವನ್ನು ಬಟ್ಟೆಯ ಮೇಲೂ ಅರ್ಧವನ್ನು ಬರಿಯ ಹಳಿಯ ಮೇಲೂ ಇಟ್ಟು, ಕೈಯಲ್ಲಿ ಹಿಡಿದುಕೊಂಡೇ ಚಕ್ರ ತಿರುಗಲು ಬಿಡಿ. ಬಿಳಿ ಬಟ್ಟೆಯ ಮೇಲೆ ಎರಡು ಅಚ್ಚ ಕಪ್ಪು ಗೆರೆ ಮೂಡುತ್ತವೆ. ಆ ಗೆರೆಗಳನ್ನು ಕಂಡು ಆಗುವ ಸಮಾಧಾನವನ್ನು ಈ ಹವ್ಯಾಸದವರಲ್ಲದವರಿಗೆ ವಿವರಿಸಲು ಹೋಗಬೇಡಿ. ಹವ್ಯಾಸದವರಿಗಾದರೆ ಬಟ್ಟೆಯ ಫೋಟೋ ಕಳಿಸಿದರೂ ಅರ್ಥವಾಗುತ್ತದೆ. ಮರಳು ಕಾಗದದಿಂದ ಮಾತ್ರ ಉಜ್ಜಬಾರದು, ಅದರ ಗೀರುಗಳಲ್ಲಿ ಕೊಳೆ ಮತ್ತಷ್ಟು ಬೇಗ ಕೂರುತ್ತದೆ.

ಹಳಿ ಉಬ್ಬಿರುವುದು ಸೆಕೆಯಿಂದ. ಒಂದು ಮೀಟರ್ ಉದ್ದದ ಹಳಿ 25 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 0.4 ಮಿ.ಮೀ. ಬೆಳೆಯುತ್ತದೆ. ತುದಿಗಳನ್ನು ಒತ್ತಿ ಕೂಡಿಸಿದ್ದರೆ ಅದು ಎಲ್ಲಿಗೆ ಹೋಗಬೇಕು? ಚಳಿಗಾಲದಲ್ಲಿ ಹಾಸುವುದಾದರೆ ಪ್ರತಿ ಕೂಡಿಕೆಯಲ್ಲೂ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ, ವಿದ್ಯುತ್ ತಪ್ಪದಂತೆ ತಂತಿಯ ತುಂಡಿನಿಂದ ಅಡಿಯಲ್ಲಿ ಜೋಡಿಸಿ. ಆ ಸಂದುಗಳ ಮೇಲೆ ಗಾಡಿ ದಾಟುವಾಗ ಕೇಳುವ ಟಕ್ ಟಕ್ ಸದ್ದು ಲಾಭಕ್ಕೆ ಬಂದದ್ದು.

ಪ್ರಶ್ನೆ: ನಮ್ಮೂರಿನ ಹಳಿಯಲ್ಲಿ ಹೋಗುವ ಅದಿರಿನ ಪೂರಾ ರೇಕನ್ನು (ವ್ಯಾಗನ್‌ಗಳ ಇಡೀ ಸಾಲನ್ನು) ಮಾಡುವ ಹಂಬಲ ಗೆಳೆಯರಿಗೂ ನನಗೂ ಇದೆ. ಅಸಲಿ ಅದಿರಿನ ಪುಡಿಯನ್ನೇ ತುಂಬಬಹುದೇ? (ತೋರಣಗಲ್ಲು, ಬಳ್ಳಾರಿ ಜಿಲ್ಲೆ)

ಉತ್ತರ: ಅದಿರು, ಕಲ್ಲಿದ್ದಲು ಸಾಗಿಸುವ ತೆರೆದ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ ಕೊಂಡಿಯಿಂದ ಕೊಂಡಿಗೆ 10.7 ಮೀಟರ್, ಎಚ್‌ಒ ಅಳತೆಯಲ್ಲಿ 12.3 ಸೆಂ.ಮೀ. ಐವತ್ತೆಂಟು ವ್ಯಾಗನ್‌ಗಳ ರೇಕು ಏಳು ಮೀಟರ್ ದಾಟುತ್ತದೆ, ಎಂಜಿನ್ನು ಬ್ರೇಕ್ ವ್ಯಾನು ಬೇರೆ. ಒಬ್ಬರ ಮನೆಯಲ್ಲಿ ಇದು ಕನಸು. ಗೆಳೆಯರು ಹಂಚಿಕೊಂಡು ಮಾಡಿ, ವರ್ಷಕ್ಕೊಮ್ಮೆ ಶಾಲೆಯ ಸಭಾಂಗಣದಲ್ಲಿ ಸೇರಿಸಿ ಓಡಿಸುವುದಾದರೆ ಇದಕ್ಕಿಂತ ಒಳ್ಳೆಯ ಯೋಜನೆಯಿಲ್ಲ.

ಅಸಲಿ ಅದಿರು ಬೇಡ. ನಿಮ್ಮ ಕಡೆಯ ಅದಿರು ಬಹುಪಾಲು ಹೆಮಟೈಟ್. ಅದು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟದಿದ್ದರೂ ಜೊತೆಯಲ್ಲಿ ಮ್ಯಾಗ್ನೆಟೈಟ್ ಬೆರೆತಿರುವುದುಂಟು. ಪುಡಿ ಉದುರಿ ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತಕ್ಕೆ ಹತ್ತಿಕೊಂಡರೆ ಮೋಟಾರು ಹಾಳಾಗುತ್ತದೆ. ಭಾರವೂ ಹೆಚ್ಚು. ಚಹಾ ಸೋಸಿ ಉಳಿದ ಚರಟವನ್ನು ಚೆನ್ನಾಗಿ ಒಣಗಿಸಿ, ಕೆಮ್ಮಣ್ಣು ಕಲಸಿ, ನೀರು ಬೆರೆಸಿದ ಫೆವಿಕಾಲಿನಿಂದ ಥರ್ಮೋಕೋಲ್ ದಿಬ್ಬದ ಮೇಲೆ ಅಂಟಿಸಿ. ವ್ಯಾಗನ್ನಿನ ಅಂಚಿನವರೆಗೆ ತುಂಬಬೇಡಿ. ಕಲ್ಲಿದ್ದಲು ಹಗುರವಾದ್ದರಿಂದ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೋಗುವ ಗಾಡಿಗಳಲ್ಲಿ ಅದು ಅಂಚಿನ ಮೇಲಕ್ಕೆ ಗುಪ್ಪೆಯಾಗಿ ಕಾಣುತ್ತದೆ. ಅದಿರು ಭಾರವಾದ್ದರಿಂದ ವ್ಯಾಗನ್ನಿನ ಒಳಗೆ ತಗ್ಗಿನಲ್ಲೇ ಉಳಿಯುತ್ತದೆ. ಮೇಲ್ಸೇತುವೆಯ ಮೇಲೆ ನಿಂತು ಒಂದು ಗಾಡಿ ನೋಡಿ ಬನ್ನಿ. ಈ ಒಂದು ವಿವರ ಸರಿಯಾಗಿದ್ದರೆ, ರೈಲ್ವೆಯಲ್ಲಿ ಕೆಲಸ ಮಾಡಿದ ಯಾರೇ ನಿಮ್ಮ ರೇಕನ್ನು ನೋಡಿದರೂ ಅವರ ಮೊದಲ ಮಾತು ಅದರ ಬಗ್ಗೆಯೇ ಇರುತ್ತದೆ.

ಪ್ರಶ್ನೆ: ಗೆಳೆಯರೊಬ್ಬರು ನನ್ನ ಟ್ಯಾಂಕರ್ ವ್ಯಾಗನ್ ಒಯ್ದು, ಕೊಂಡಿ ಮುರಿದು ತಂದುಕೊಟ್ಟರು. ಕೇಳಿದರೆ "ಆಟದ ಸಾಮಾನಿಗೆ ಇಷ್ಟೊಂದೇ?" ಎಂದರು. ಮಾತು ಬಿಡಲೇ? (ಸಿಂಧನೂರು)

ಉತ್ತರ: ಮಾತು ಬಿಡಬೇಡಿ, ವ್ಯಾಗನ್ ಕೊಡುವುದನ್ನು ಬಿಡಿ. ಕೊಂಡಿ ಬೇರೆಯಾಗಿ ಸಿಗುತ್ತದೆ, ದುಬಾರಿಯೂ ಅಲ್ಲ. ಅದನ್ನು ಕೂರಿಸುವಾಗ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಕ್ಕಳ ಹಿಡಿಯಲು ಹೇಳಿ.

ಪ್ರಶ್ನೆ: ನಿವೃತ್ತ ಇತಿಹಾಸ ಶಿಕ್ಷಕ ನಾನು. ಮೊಮ್ಮಕ್ಕಳ ಜೊತೆ ಸೇರಿ ರಾಯಚೂರಿಗೇ ವಿಶೇಷವಾದ ಒಂದು ಚಿಕ್ಕ ದೃಶ್ಯ ಮಾಡಬೇಕೆಂದಿದ್ದೇನೆ. ಏನು ಮಾಡಬಹುದು? ದೊಡ್ಡ ಮಾದರಿಗಳನ್ನು ಎಲ್ಲಿ ನೋಡಬಹುದು? (ರಾಯಚೂರು)

ಉತ್ತರ: ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ನಿಮ್ಮ ಊರಿನಲ್ಲೇ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಎರಡಡಿ ಹಲಗೆಯ ಎರಡು ತುದಿಗಳಿಂದ ಹೊರಟ ಹಳಿ ನಡುವೆ ಸೇರುವ ಕಡೆ ಕೊನೆಯ ತುಂಡೊಂದನ್ನು ಬಿಡಿಯಾಗಿಟ್ಟು, ನೋಡಲು ಬಂದವರ ಕೈಯಿಂದ ಅದನ್ನು ಕೂರಿಸಿದರೆ ಹೇಗೆ? ಹಿನ್ನೆಲೆಗೆ ಕೋಟೆಯ ಗುಡ್ಡದ ಬಂಡೆಗಳಿರಲಿ. ಅವಕ್ಕೆ ಹಿತ್ತಲಿನ ಬೆಣಚುಕಲ್ಲೇ ಸಾಕು. ನೋಡುವುದಕ್ಕಾದರೆ ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲ್ವೆ ವಸ್ತುಸಂಗ್ರಹಾಲಯವಿದೆ, ಅಲ್ಲಿ ಗಾಡಿಗಳೂ ಸಿಗ್ನಲ್‌ಗಳೂ ಒಂದಕ್ಕೊಂದು ಹೊಂದಿಕೊಂಡು ಓಡುವುದನ್ನು ಕಾಣಬಹುದು. ನಿಜವಾದ ಹಳೆಯ ಗಾಡಿಗಳಿಗೆ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯ ನಿಮಗೆ ಹತ್ತಿರ, ಮೈಸೂರಿನದು 1979ರಷ್ಟು ಹಳೆಯದು. ಮೊಮ್ಮಕ್ಕಳ ಕೈಗೆ ಟೇಪು ಕೊಟ್ಟು ಕರೆದೊಯ್ಯಿರಿ, ಅಳೆಯಲು ಚಕ್ರಗಳಾದರೂ ಸಿಗುತ್ತವೆ.

ಪ್ರಶ್ನೆ: ನಾನು ಎಂಟನೇ ತರಗತಿ. ಸೆಟ್ ಕೊಡಿಸಲು ಮನೆಯಲ್ಲಿ ಆಗುವುದಿಲ್ಲ. ರಟ್ಟಿನಿಂದ ಬೋಗಿ ಮಾಡಬಹುದೇ? (ಕುಷ್ಟಗಿ, ಕೊಪ್ಪಳ ಜಿಲ್ಲೆ)

ಉತ್ತರ: ಖಂಡಿತ ಮಾಡಬಹುದು, ದೊಡ್ಡವರೂ ರಟ್ಟಿನಿಂದಲೇ ಮಾಡುತ್ತಾರೆ. ನೀಲಿ ಬಣ್ಣದ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಮಾದರಿಯ ಬೋಗಿಯ ಉದ್ದ 21.3 ಮೀಟರ್, ಅಗಲ ಸುಮಾರು ಮೂರೂಕಾಲು ಮೀಟರ್. ಎರಡನ್ನೂ 87ರಿಂದ ಭಾಗಿಸು: ಉದ್ದ 24.5 ಸೆಂ.ಮೀ., ಅಗಲ 3.7 ಸೆಂ.ಮೀ. ಬರುತ್ತದೆ. ಮದುವೆಯ ಕರೆಯೋಲೆಯ ಗಟ್ಟಿ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಗೆಳತಿಯರು ನಾಲ್ವರು ಒಂದೊಂದು ಬೋಗಿ ಮಾಡಿದರೆ ಒಂದು ಪ್ಯಾಸೆಂಜರ್ ಗಾಡಿಯೇ ಆಯಿತು. ಕಿಟಕಿಗಳನ್ನು ಕಾಗದ ಚಪ್ಪಟೆಯಾಗಿರುವಾಗಲೇ ಕತ್ತರಿಸಿಕೋ, ಬಣ್ಣವನ್ನೂ ಆಗಲೇ ಹಚ್ಚು. ಮಡಿಸಿ ಅಂಟಿಸಿದ ಮೇಲೆ ಎರಡೂ ಕಷ್ಟ.